ಅಡ್ಯಾರಿನ ರಂಗದ ಮೇಲೆ ಮೈಸೂರಿನ ರಾಮಾಯಣ

ಮದರಾಸಿನಲ್ಲಿ ಡಿಸೆಂಬರ್ ಬಂತೆಂದರೆ ಸಂಗೀತದ ಹಂಗಾಮು. ಮೈಲಾಪುರ, ತ್ಯಾಗರಾಯನಗರದ ಸಭೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಕಛೇರಿಗಳು ನಡೆಯುತ್ತವೆ. ಆ ಸಂದಣಿಯಿಂದ ತುಸು ದೂರ, ಅಡ್ಯಾರ್ ನದಿ ದಾಟಿ ದಕ್ಷಿಣಕ್ಕೆ ಬಂದರೆ, ತಿರುವಾನ್ಮಿಯೂರಿನ ಮರಗಳ ನಡುವೆ ಕಲಾಕ್ಷೇತ್ರವೆಂಬ ನೃತ್ಯ ಸಂಸ್ಥೆಯ ರಂಗಮಂದಿರವಿದೆ. ಅಲ್ಲಿನ ವಾರ್ಷಿಕ ಕಲೋತ್ಸವಕ್ಕೆ ಹೋದವರಿಗೆ ರಾಮಾಯಣದ ನೃತ್ಯನಾಟಕವೊಂದು ಸಿಕ್ಕಿತೆಂದರೆ ಅದು ಪುಣ್ಯವೇ ಸರಿ. ರಂಗದ ಪಕ್ಕದಲ್ಲಿ ಕುಳಿತ ಮೇಳ ವಾಲ್ಮೀಕಿಯ ಶ್ಲೋಕಗಳನ್ನು ರಾಗ ಕಟ್ಟಿ ಹಾಡುತ್ತದೆ. ನಟುವಾಂಗದ ತಾಳದ ಪೆಟ್ಟಿಗೆ ಸರಿಯಾಗಿ ಜನಕನ ಸಭೆ ತುಂಬುತ್ತದೆ, ಸೀತೆ ಬರುತ್ತಾಳೆ, ಬಿಲ್ಲು ಬರುತ್ತದೆ. ನೋಡುವವರು ಇದನ್ನು ಅಚ್ಚ ಮದರಾಸಿನ ಕಲೆಯೆಂದೇ ತಿಳಿದಿರುತ್ತಾರೆ. ಆದರೆ ಆ ಹಾಡುಗಳನ್ನು ಕಟ್ಟಿದವರು ಮೈಸೂರಿನ ಆಸ್ಥಾನ ವಿದ್ವಾಂಸರು, ವಾಸುದೇವಾಚಾರ್ಯರು.

ಬ್ರೋಚೇವಾರೆವರುರಾ ಎಂಬ ಖಮಾಚ್ ಕೃತಿಯ ಮೂಲಕ ವಾಸುದೇವಾಚಾರ್ಯರು ಕನ್ನಡಿಗರಿಗೆಲ್ಲ ಪರಿಚಿತರು. ಆದರೆ ಅವರ ಬಾಳಿನ ಕೊನೆಯ ದೊಡ್ಡ ಕೆಲಸ ಅಡ್ಯಾರಿನಲ್ಲಿ, ಒಂದು ನೃತ್ಯ ತಂಡಕ್ಕಾಗಿ ನಡೆಯಿತು ಎಂಬ ಸಂಗತಿ ನಮ್ಮಲ್ಲಿ ಸಾಕಷ್ಟು ಜನಕ್ಕೆ ಗೊತ್ತಿಲ್ಲ. ಗೊತ್ತಿರಬೇಕಾದ ಸಂಗತಿ ಅದು.

ಅವರು ಹುಟ್ಟಿದ್ದು 1865ರಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ ಹುಡುಗ ಮೈಸೂರಿನಲ್ಲಿ ಸಂಸ್ಕೃತ ಓದಿದ, ವೀಣೆ ಪದ್ಮನಾಭಯ್ಯನವರ ಬಳಿ ಪಾಠ ಹೇಳಿಸಿಕೊಂಡ. ಚಾಮರಾಜ ಒಡೆಯರು ವೇತನ ಕೊಟ್ಟು ಅವರನ್ನು ತಿರುವಯ್ಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರ ಗುರುಕುಲಕ್ಕೆ ಕಳಿಸಿದರು. ಮರಳಿ ಬಂದ ಮೇಲೆ ಅರಮನೆಯ ವಿದ್ವಾಂಸರಾದರು. ಮೂರು ಮಂದಿ ಒಡೆಯರ ಕಾಲವನ್ನು ಕಂಡರು. ಸಂಸ್ಕೃತ, ತೆಲುಗುಗಳಲ್ಲಿ ಕೃತಿಗಳನ್ನು ರಚಿಸಿದರು. ತಾವು ಕೇಳಿದ, ಒಡನಾಡಿದ ಕಲಾವಿದರ ಬಗ್ಗೆ ‘ನಾ ಕಂಡ ಕಲಾವಿದರು’ ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದರು. ಸಂಗೀತಗಾರರೊಬ್ಬರು ಸಂಗೀತಗಾರರ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದ ಪುಸ್ತಕ ನಮ್ಮ ಭಾಷೆಯಲ್ಲಿ ಅಪರೂಪ.

ಇಷ್ಟೆಲ್ಲ ಆದ ಮೇಲೆ ಎಂಥವರಾದರೂ ಮನೆಯಲ್ಲಿ ಕುಳಿತು ವಿಶ್ರಾಂತಿ ಪಡೆಯುವ ವಯಸ್ಸು. ಆಗಲೇ ಕಲಾಕ್ಷೇತ್ರವನ್ನು ಕಟ್ಟಿದ ರುಕ್ಮಿಣೀ ದೇವಿಯವರ ಕರೆ ಬಂತು. ಅರಮನೆಯ ಊರನ್ನು ಬಿಟ್ಟು, ತೊಂಬತ್ತರ ಅಂಚಿನಲ್ಲಿದ್ದ ಆ ಹಿರಿಯರು ಸಮುದ್ರದ ದಂಡೆಯ ಅಡ್ಯಾರಿಗೆ ಹೋದರು. ಜೊತೆಗೆ ಮೊಮ್ಮಗ ಎಸ್. ರಾಜಾರಾಂ ಇದ್ದರು. ಕಲಾಕ್ಷೇತ್ರದಲ್ಲಿ ಹಿಂದೆ ಟೈಗರ್ ವರದಾಚಾರ್ಯರು ಇದ್ದದ್ದನ್ನು ಇಲ್ಲಿ ನೆನೆಯಬೇಕು. ಅವರೂ ಪಟ್ಣಂ ಅವರ ಶಿಷ್ಯರೇ, ಮೈಸೂರು ಆಸ್ಥಾನದ ನಂಟೂ ಅವರಿಗಿತ್ತು. ಹಾಗಾಗಿ ವಾಸುದೇವಾಚಾರ್ಯರು ಹೋಗಿ ಸೇರಿದ್ದು ತೀರ ಪರಕೀಯ ಸ್ಥಳವನ್ನೇನೂ ಅಲ್ಲ.

ಅಲ್ಲಿ ಅವರಿಗೆ ಒಪ್ಪಿಸಿದ ಕೆಲಸ ಮಾತ್ರ ಹೊಸದು. ಕೃತಿ ರಚಿಸುವವರಿಗೆ ಪಲ್ಲವಿ, ಅನುಪಲ್ಲವಿ, ಚರಣಗಳ ಚೌಕಟ್ಟು ಕೈಗೆ ಹತ್ತಿದ್ದು. ಒಂದೇ ರಾಗದಲ್ಲಿ ಒಂದೇ ಭಾವವನ್ನು ಹಿಡಿದು ಬೆಳೆಸಬಹುದು. ರಾಮಾಯಣದ ಶ್ಲೋಕ ಹಾಗಲ್ಲ. ಹೆಚ್ಚಿನವು ಅನುಷ್ಟುಪ್, ನಾಲ್ಕು ಪಾದ, ಮೂವತ್ತೆರಡು ಅಕ್ಷರ, ಅಷ್ಟಕ್ಕೆ ಮುಗಿಯಿತು. ಒಂದು ಶ್ಲೋಕದಲ್ಲಿ ದಶರಥ ನಗುತ್ತಿರುತ್ತಾನೆ, ಮುಂದಿನದರಲ್ಲಿ ಕುಸಿದು ಬಿದ್ದಿರುತ್ತಾನೆ. ರಾಗ ಅಷ್ಟೇ ಬೇಗ ತಿರುಗಬೇಕು, ಆದರೆ ತಿರುಗಿದ್ದು ಕಿವಿಗೆ ಚುಚ್ಚಬಾರದು. ನರ್ತಕಿ ಕಣ್ಣಲ್ಲಿ ಹೇಳುವ ಮಾತಿಗೆ ಜಾಗ ಬಿಡಬೇಕು, ಹೆಜ್ಜೆಗೆ ಜತಿ ಬೇಕಾದಲ್ಲಿ ತಾಳ ಬಿಗಿಯಬೇಕು. ಸುಮಾರು ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳ ಕಾವ್ಯದಿಂದ ಯಾವುದನ್ನು ಆಯಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಬೇರೆ. ಅದಕ್ಕೆ ಸಂಗೀತ ಬಲ್ಲ ಸಂಸ್ಕೃತ ಪಂಡಿತರೇ ಬೇಕಿತ್ತು, ಅಂಥವರೇ ದೊರೆತರು.

1955ರಲ್ಲಿ ‘ಸೀತಾ ಸ್ವಯಂವರಂ’ ರಂಗಕ್ಕೆ ಬಂತು. 1960ರಲ್ಲಿ ‘ಶ್ರೀರಾಮ ವನಗಮನಂ’ ಮತ್ತು ‘ಪಾದುಕಾ ಪಟ್ಟಾಭಿಷೇಕಂ’. ಮರುವರ್ಷ, 1961ರ ಮೇ ತಿಂಗಳಲ್ಲಿ, ಆಚಾರ್ಯರು ತೀರಿಕೊಂಡರು. ಅವರು ಸಂಗೀತ ಕಟ್ಟಿಟ್ಟಿದ್ದ ‘ಶಬರಿ ಮೋಕ್ಷಂ’ ಪ್ರದರ್ಶನವಾದದ್ದು 1965ರಲ್ಲಿ. ಉಳಿದ ಎರಡು ಭಾಗಗಳ, ಎಂದರೆ 1968ರ ‘ಚೂಡಾಮಣಿ ಪ್ರದಾನಂ’ ಮತ್ತು 1970ರ ‘ಮಹಾಪಟ್ಟಾಭಿಷೇಕಂ’ ನಾಟಕಗಳ ಸಂಗೀತವನ್ನು ಮೊಮ್ಮಗ ರಾಜಾರಾಂ ಪೂರ್ಣಗೊಳಿಸಿದರು. ಮುಂದೆ ಕಲಾಕ್ಷೇತ್ರದ ಆಡಳಿತದ ಹೊಣೆಯನ್ನೂ ಅವರು ಹೊತ್ತರು. ರಾಜಾರಾಂ ಅವರ ಸೋದರ ಎಸ್. ಕೃಷ್ಣಮೂರ್ತಿ ನಮ್ಮ ಆಕಾಶವಾಣಿಯಲ್ಲೇ ಸೇವೆ ಸಲ್ಲಿಸಿದವರು, ತಾತನ ಬರಹಗಳನ್ನು ಇಂಗ್ಲಿಷ್ ಓದುಗರಿಗೆ ಮುಟ್ಟಿಸಿದವರು. ಹೀಗೆ ಬಾಲಕಾಂಡದಿಂದ ಪಟ್ಟಾಭಿಷೇಕದವರೆಗಿನ ಆರು ಸಂಜೆಗಳ ಕಥೆಗೆ ತಾತ ಮೊಮ್ಮಗ ಸೇರಿ ನಾದ ಕೊಟ್ಟರು.

ಇನ್ನು ಆ ಕರೆ ಕಳಿಸಿದವರ ಮಾತು. ರುಕ್ಮಿಣೀ ದೇವಿ 1904ರ ಫೆಬ್ರುವರಿ 29ರಂದು ಮದುರೆಯಲ್ಲಿ ಹುಟ್ಟಿದರು. ತಂದೆ ನೀಲಕಂಠ ಶಾಸ್ತ್ರಿಗಳು ಎಂಜಿನಿಯರ್. ನಿವೃತ್ತರಾದ ಮೇಲೆ ಅಡ್ಯಾರಿನಲ್ಲಿ ಥಿಯಾಸಫಿಕಲ್ ಸೊಸೈಟಿಯ ಹತ್ತಿರ ಮನೆ ಕಟ್ಟಿಸಿದರು. ಹದಿನಾರರ ಹರೆಯದಲ್ಲಿ ಆಕೆ ಸೊಸೈಟಿಯ ಇಂಗ್ಲಿಷ್ ಶಿಕ್ಷಣತಜ್ಞ ಜಾರ್ಜ್ ಅರುಂಡೇಲ್ ಅವರನ್ನು ಮದುವೆಯಾದಾಗ ಮದರಾಸಿನ ಸಂಪ್ರದಾಯಸ್ಥರ ನಡುವೆ ದೊಡ್ಡ ಕೋಲಾಹಲವಾಯಿತು. ಗಂಡನ ಜೊತೆ ದೇಶ ದೇಶ ಸುತ್ತಿದ ಅವರು 1928ರಲ್ಲಿ ಮುಂಬಯಿಯಲ್ಲಿ ರಷ್ಯದ ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಅವರ ಪ್ರದರ್ಶನ ನೋಡಿದರು. ಆಸ್ಟ್ರೇಲಿಯದ ದಾರಿಯಲ್ಲಿ ಇಬ್ಬರಿಗೂ ಒಂದೇ ಹಡಗಿನ ಪಯಣ ಒದಗಿತು. ಪಾವ್ಲೋವಾ ತಂಡದ ಕ್ಲಿಯೊ ನಾರ್ಡಿ ಅವರಿಂದ ರುಕ್ಮಿಣೀ ದೇವಿ ಬ್ಯಾಲೆ ಕಲಿತರು. ನಿಮ್ಮ ನಾಡಿನ ನೃತ್ಯವನ್ನೂ ಹುಡುಕಿ ನೋಡಿ ಎಂದು ದಾರಿ ತೋರಿದವರು ಪಾವ್ಲೋವಾ ಅವರೇ. ಐದು ವರ್ಷ ಮೊದಲು, 1923ರಲ್ಲಿ, ಇದೇ ಪಾವ್ಲೋವಾ ಲಂಡನ್ನಿನಲ್ಲಿ ಉದಯಶಂಕರ್ ಅವರೊಡನೆ ರಾಧಾ ಕೃಷ್ಣರ ಕಥೆಯನ್ನು ಬ್ಯಾಲೆಯಾಗಿ ಆಡಿದ್ದರು. ಭಾರತದ ಇಬ್ಬರು ದೊಡ್ಡ ನೃತ್ಯ ಸಂಯೋಜಕರನ್ನು ಸ್ವಂತ ಮಣ್ಣಿನ ಕಡೆ ತಿರುಗಿಸಿದ ಕೀರ್ತಿ ಆ ರಷ್ಯನ್ ಹೆಂಗಸಿಗೆ ಸಲ್ಲಬೇಕು.

1933ರ ಹೊಸ ವರ್ಷದ ದಿನ ಮದರಾಸಿನ ಸಂಗೀತ ಅಕಾಡೆಮಿ ಪಂದನಲ್ಲೂರಿನ ಸಹೋದರಿಯರ ಸದಿರ್ ನೃತ್ಯ, ಎಂದರೆ ಇಂದಿನ ಭರತನಾಟ್ಯದ ಹಿಂದಿನ ರೂಪ, ಏರ್ಪಡಿಸಿತ್ತು. ರುಕ್ಮಿಣೀ ದೇವಿಯವರಿಗೆ ಆ ಸಂಜೆ ಮರೆಯಲಾಗಲಿಲ್ಲ. ಮೈಲಾಪುರದ ಗೌರಿ ಅಮ್ಮಾಳ್, ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆ ಅವರಿಂದ ಪಾಠವಾಯಿತು. ಇದೇ ಪಿಳ್ಳೆಯವರ ಬಳಿ ನಮ್ಮ ಬೆಂಗಳೂರಿನ ರಾಂ ಗೋಪಾಲ್, ಯು. ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾ ದೇವಿ ಕೂಡ ಕಲಿತರು. 1935ರ ಡಿಸೆಂಬರಿನಲ್ಲಿ, ಥಿಯಾಸಫಿಕಲ್ ಸೊಸೈಟಿಯ ಅರವತ್ತನೆಯ ವರ್ಷದ ಸಮಾವೇಶ ಅಡ್ಯಾರಿನಲ್ಲಿ ಸೇರಿದ್ದಾಗ, ರುಕ್ಮಿಣೀ ದೇವಿ ಮೊದಲ ಬಾರಿಗೆ ಸಭೆಯ ಮುಂದೆ ಕುಣಿದರು. ಕೆಲವೇ ದಿನಗಳಲ್ಲಿ, 1936ರ ಜನವರಿ 6ರಂದು, ಕಲಾಕ್ಷೇತ್ರ ಆರಂಭವಾಯಿತು.

ಈ ಕಥೆಯನ್ನು ಹೇಳುವಾಗ ಬಿಟ್ಟುಬಿಡಬಾರದ ಇನ್ನೊಂದು ಭಾಗವಿದೆ. ಸದಿರ್ ಅನ್ನು ತಲೆತಲಾಂತರ ಕಾಪಾಡಿಕೊಂಡು ಬಂದವರು ದೇವದಾಸಿ ಕುಲದ ಹೆಂಗಸರು, ನಟುವರ ಮನೆತನದವರು. ಬ್ರಾಹ್ಮಣ ಮನೆಯ ಹೆಣ್ಣುಮಗಳೊಬ್ಬಳು ಅದನ್ನು ಕಲಿತು ಗೌರವ ತಂದುಕೊಟ್ಟಳು ಎಂದು ಲೋಕ ಹೊಗಳುತ್ತಿದ್ದ ಕಾಲದಲ್ಲೇ ಆ ಹೆಂಗಸರ ಕಾಲ ಕೆಳಗಿನ ರಂಗ ಕುಸಿಯುತ್ತಿತ್ತು. 1947ರಲ್ಲಿ ಮದರಾಸಿನ ಕಾನೂನು ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ಮೈಸೂರು ಸಂಸ್ಥಾನ ಅದಕ್ಕೆ ಬಹಳ ಮೊದಲೇ ದೇವಸ್ಥಾನಗಳಲ್ಲಿ ಅದನ್ನು ನಿಲ್ಲಿಸಿತ್ತು. ಪದ್ಧತಿಯ ಅನ್ಯಾಯ ಹೋದದ್ದು ಸರಿ, ಆದರೆ ಕಲಾವಿದೆಯರ ಕೈಯಲ್ಲಿದ್ದ ಕಲೆಗೆ ಬದಲಿ ಆಸರೆಯನ್ನು ಯಾರೂ ಕೊಡಲಿಲ್ಲ. ಆ ಪರಂಪರೆಯ ನರ್ತಕಿ ಬಾಲಸರಸ್ವತಿಯವರು ಶೃಂಗಾರವನ್ನು ತೆಗೆದು ಶುದ್ಧಗೊಳಿಸುತ್ತೇವೆ ಎಂಬ ಮಾತನ್ನು ಕೊನೆಯವರೆಗೂ ಒಪ್ಪಲಿಲ್ಲ. ಅವರ ಮಾತಿನಲ್ಲಿ ತೂಕವಿತ್ತು. ಅಡ್ಯಾರಿನ ರಂಗದ ಮುಂದೆ ಕೂರುವವರು ಆ ಕುಲದವರೇ ಆದ ಗುರು ಗೌರಿ ಅಮ್ಮಾಳ್ ಅವರ ಹೆಸರನ್ನೂ ರುಕ್ಮಿಣೀ ದೇವಿಯವರ ಹೆಸರಿನಷ್ಟೇ ಗೌರವದಿಂದ ನೆನೆಯಬೇಕು.

ರುಕ್ಮಿಣೀ ದೇವಿ ಬ್ಯಾಲೆಯಿಂದ ತೆಗೆದುಕೊಂಡದ್ದು ಏನು? ಬೆರಳ ತುದಿಯ ಮೇಲೆ ನಿಲ್ಲುವುದನ್ನಲ್ಲ, ಹಾರುವುದನ್ನಲ್ಲ. ಗುಂಪು ಕಟ್ಟುವುದನ್ನು, ಒಂದು ತಂಡವಾಗಿ ವರ್ಷವಿಡೀ ಅಭ್ಯಾಸ ಮಾಡುವ ಶಿಸ್ತನ್ನು. ಅದುವರೆಗೆ ಸದಿರ್ ಒಬ್ಬಳ ನೃತ್ಯ. ವಾದ್ಯದವರು ನರ್ತಕಿಯ ಹಿಂದೆಯೇ ನಿಂತು ಅವಳ ಜೊತೆ ಹೆಜ್ಜೆ ಹಾಕುತ್ತಿದ್ದರು. ರುಕ್ಮಿಣೀ ದೇವಿ ಮೇಳವನ್ನು ಪಕ್ಕಕ್ಕೆ ತಂದು ಕೂರಿಸಿದರು, ಇಡೀ ರಂಗ ನರ್ತಕರಿಗೆ ತೆರವಾಯಿತು. ಸೊಸೈಟಿಯ ಅಲೆಕ್ಸ್ ಎಲ್ಮೋರ್, ಕಾನ್ರಾಡ್ ವೋಲ್ಡ್ರಿಂಗ್ ಮೊದಲಾದವರು ಬೆಳಕು ಮತ್ತು ರಂಗಸಜ್ಜಿಕೆಯಲ್ಲಿ ಕೈಜೋಡಿಸಿದರು. ಬಟ್ಟೆಗೆಂದೇ ಕಲಾಕ್ಷೇತ್ರದಲ್ಲಿ ಮಗ್ಗಗಳನ್ನು ಹೂಡಲಾಯಿತು, ಹಳೆಯ ಕಂಚಿ ಸೀರೆಗಳ ಅಂಚುಗಳನ್ನು ಹುಡುಕಿ ಮತ್ತೆ ನೇಯಿಸಲಾಯಿತು. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರ ಒತ್ತಾಸೆಯಿಂದ ಅಲ್ಲಿ ಕಲಂಕಾರಿಯ ಕೆಲಸವೂ ಬೆಳೆಯಿತು.

1944ರಲ್ಲಿ ಮೊದಲ ನೃತ್ಯನಾಟಕ ‘ಕುಟ್ರಾಲ ಕುರವಂಜಿ’ ಬಂತು. ಕುಟ್ರಾಲದ ಶಿವನಿಗೆ ಮನಸೋತ ವಸಂತವಲ್ಲಿ, ಅವಳ ಕೈ ನೋಡಿ ಕಣಿ ಹೇಳುವ ಕೊರವಂಜಿ, ಇಷ್ಟೇ ಕಥೆ. ನಮ್ಮ ಯಕ್ಷಗಾನ, ಬಯಲಾಟಗಳಲ್ಲಿ ಬರುವ ಕೊರವಂಜಿಯನ್ನು ಬಲ್ಲವರಿಗೆ ಇದು ಒಡನೆ ಹತ್ತಿರವಾಗುತ್ತದೆ. ಮೂರು ವರ್ಷದ ಮೇಲೆ ‘ಕುಮಾರಸಂಭವಂ’, ಅದಕ್ಕೆ ಟೈಗರ್ ವರದಾಚಾರ್ಯರ ಸಂಗೀತ. ತಂಜಾವೂರು ಸೀಮೆಯ ಮೆಲಟ್ಟೂರಿನ ಭಾಗವತ ಮೇಳದಿಂದ ‘ಉಷಾ ಪರಿಣಯಂ’. ಕೇರಳದಿಂದ ಬಂದ ಕಥಕಳಿ ಆಶಾನರು ಗಂಡು ಪಾತ್ರಗಳಿಗೆ ಬೇಕಾದ ಗಟ್ಟಿ ಹೆಜ್ಜೆಗಳನ್ನು ಕಲಿಸಿದರು. ರಾಮಾಯಣದಲ್ಲಿ ಇವೆಲ್ಲ ಕೂಡಿವೆ. ಸೀತೆ ಭರತನಾಟ್ಯದಲ್ಲಿ ಮಾತಾಡುತ್ತಾಳೆ. ರಾವಣ ರಂಗಕ್ಕೆ ಕಾಲಿಟ್ಟಾಗ ಆ ತೊಡೆ, ಆ ಹುಬ್ಬು, ಆ ನಿಲುವಿನಲ್ಲಿ ಕಥಕಳಿ ಕಾಣುತ್ತದೆ.

‘ಪಾದುಕಾ ಪಟ್ಟಾಭಿಷೇಕಂ’ ಒಂದನ್ನೇ ಹತ್ತಿರದಿಂದ ನೋಡಿದರೆ ಸಾಕು, ಇಡೀ ಸರಣಿಯ ಗುಣ ತಿಳಿಯುತ್ತದೆ. ಅದರಲ್ಲಿ ಯುದ್ಧವಿಲ್ಲ, ರಾಕ್ಷಸರಿಲ್ಲ, ಬಿಲ್ಲು ಮುರಿಯುವ ಸಂಭ್ರಮವಿಲ್ಲ. ಅಣ್ಣನನ್ನು ಮರಳಿ ಕರೆದೊಯ್ಯಲು ಬಂದ ತಮ್ಮ, ಒಪ್ಪದ ಅಣ್ಣ. ಸಿನಿಮಾದವರಾದರೆ ಎರಡು ನಿಮಿಷಕ್ಕೆ ಮುಗಿಸಿಬಿಡುವ ಸಂಗತಿ. ಇಲ್ಲಿ ಭರತನ ಕೈಗಳು ಬೇಡುತ್ತವೆ, ನಿಲ್ಲುತ್ತವೆ, ಮತ್ತೆ ಬೇಡುತ್ತವೆ. ಹಾಡುಗಾರರು ಒಂದೇ ಸಾಲನ್ನು ಬೇರೆ ಬೇರೆ ಸಂಗತಿಗಳಲ್ಲಿ ಹಾಡುತ್ತಿದ್ದಂತೆ ಅದೇ ಬೇಡಿಕೆ ಮೊದಲು ಹಟವಾಗಿ, ಆಮೇಲೆ ಅಳಲಾಗಿ, ಕೊನೆಗೆ ಒಪ್ಪಿಗೆಯಾಗಿ ಮಾರ್ಪಡುತ್ತದೆ. ಪಾದುಕೆಗಳನ್ನು ಅವನು ತಲೆಯ ಮೇಲಿಟ್ಟುಕೊಳ್ಳುವ ಹೊತ್ತಿಗೆ ರಾಜ್ಯವಾಳುವ ಭಾರ ಎಷ್ಟೆಂದು ನೋಡುವವನ ಕೊರಳಿಗೂ ತಿಳಿಯುತ್ತದೆ. ಎರಡು ಮರದ ತುಂಡುಗಳಿಂದ ಇಷ್ಟನ್ನು ಹೊರಡಿಸಿದ್ದು ಅಭಿನಯ ಮತ್ತು ಸಂಗೀತಗಳ ಹೊಂದಾಣಿಕೆ. ತೊಂಬತ್ತು ದಾಟಿದ ಆಚಾರ್ಯರ ಅನುಭವ ಕಾಣುವುದು ಇಂಥ ಕಡೆ: ಸಂಗೀತ ಎಲ್ಲಿಯೂ ತನ್ನ ವಿದ್ವತ್ತನ್ನು ತೋರಿಸಲು ಮುಂದೆ ನುಗ್ಗುವುದಿಲ್ಲ.

ಇಂಥ ಸೂಕ್ಷ್ಮ ಕೆಲಸಕ್ಕೆ ತಕ್ಕ ಮನೆಯೂ ಬೇಕು. ಕಲಾಕ್ಷೇತ್ರದ ಆರಂಭದ ವರ್ಷಗಳು ಕಳೆದದ್ದು ಥಿಯಾಸಫಿಕಲ್ ಸೊಸೈಟಿಯ ತೋಟದಲ್ಲಿ. ಅಲ್ಲಿನ ನೂರಾರು ವರ್ಷದ ಆಲದ ಮರವನ್ನು ಅಡ್ಯಾರಿಗೆ ಹೋದವರು ಇಂದಿಗೂ ನೋಡಿ ಬರುತ್ತಾರೆ. ಅದರ ತಾಯಿಕಾಂಡ 1989ರ ಬಿರುಗಾಳಿಗೆ ಉರುಳಿತು, ಬಿಳಲುಗಳು ಮಾತ್ರ ಹಬ್ಬಿ ನಿಂತಿವೆ. 1962ರ ಹೊತ್ತಿಗೆ ಸಂಸ್ಥೆ ತಿರುವಾನ್ಮಿಯೂರಿನ ಸುಮಾರು ನೂರು ಎಕರೆಯ ಸ್ವಂತ ನೆಲಕ್ಕೆ ಬಂತು. ಅಲ್ಲಿ ಬಹಳ ಕಾಲ ಗರಿ ಹೊದಿಸಿದ ರಂಗಮಂದಿರದಲ್ಲೇ ಪ್ರದರ್ಶನಗಳು ನಡೆದವು. 1980ರ ದಶಕದಲ್ಲಿ ಈಗಿನ ರಂಗಮಂದಿರ ಎದ್ದಿತು. ಸಂಸ್ಕೃತ ನಾಟಕ ಪರಂಪರೆಯಾದ ಕೂಡಿಯಾಟ್ಟಂ ಬಲ್ಲ ಎಂಜಿನಿಯರ್ ಡಿ. ಅಪ್ಪುಕುಟ್ಟನ್ ನಾಯರ್ ಅದನ್ನು ಕೇರಳದ ಕೂತಂಬಲದ ಮಾದರಿಯಲ್ಲಿ ರೂಪಿಸಿದರು. ಇಂದು ಅದಕ್ಕೆ ರುಕ್ಮಿಣಿ ಅರಂಗಂ ಎಂದು ಹೆಸರು.

ಕೂತಂಬಲವೆಂದರೆ ದೇವಾಲಯದ ಆವರಣದೊಳಗಿನ ನಾಟಕಶಾಲೆ. ತ್ರಿಶ್ಶೂರಿನ ವಡಕ್ಕುನ್ನಾಥನ ಗುಡಿಯಲ್ಲಿರುವುದು ಪ್ರಸಿದ್ಧ. ಹೊರಗೆ ಇಳಿಜಾರಾದ ದೊಡ್ಡ ಮಾಡು, ಒಳಗೆ ಕಂಬಗಳ ಮೇಲೆ ರಂಗಕ್ಕೇ ಬೇರೆ ಚಾವಣಿ. ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ರಂಗಮಂದಿರದ ಅಳತೆಯನ್ನೇ ಹೇಳುತ್ತದೆ. ಮಧ್ಯಮ ಗಾತ್ರದ್ದು ಅರವತ್ತನಾಲ್ಕು ಮೊಳ ಉದ್ದ, ಮೂವತ್ತೆರಡು ಮೊಳ ಅಗಲ. ಇದಕ್ಕಿಂತ ದೊಡ್ಡದಾದರೆ ನಟನ ಮುಖದ ಭಾವ ಕಾಣದು, ಮಾತು ಕೇಳದು ಎಂದು ಕಾರಣವನ್ನೂ ಕೊಡುತ್ತದೆ. ನಗರದ ಸಾವಿರ ಆಸನಗಳ ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತು, ಮೈಕಿನ ಅಬ್ಬರದಲ್ಲಿ ಗೆಜ್ಜೆಯ ಸದ್ದು ಮುಳುಗಿದ್ದನ್ನು ಕೇಳಿದವರಿಗೆ ಈ ಶಾಸ್ತ್ರದ ಮಾತು ಎಷ್ಟು ನಿಜವೆಂದು ಗೊತ್ತು. ಭರತನ ಕಣ್ಣು ತುಂಬಿದ್ದು ಕೊನೆಯ ಸಾಲಿನವರಿಗೂ ಕಾಣಬೇಕಾದರೆ ಮನೆ ಚಿಕ್ಕದಿರಬೇಕು, ಮಾಡು ಸರಿಯಾಗಿರಬೇಕು.

ಚೆನ್ನೈಯ ಹಳೆಯ ರಂಗಮಂದಿರಗಳಲ್ಲಿ ಕನ್ನಡ ನಾಡಿನ ಗುರುತು ಸಿಗುವುದು ಅಡ್ಯಾರೊಂದರಲ್ಲೇ ಅಲ್ಲ. ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಇಳಿದವರಿಗೆ ಎದುರಾಗುವ ಕೆಂಪು ಕಟ್ಟಡ ವಿಕ್ಟೋರಿಯ ಪಬ್ಲಿಕ್ ಹಾಲ್. 1891ರಲ್ಲಿ ಬಳ್ಳಾರಿಯ ಸರಸ ವಿನೋದಿನಿ ಸಭೆಯವರು ಧರ್ಮವರಂ ಕೃಷ್ಣಮಾಚಾರ್ಯರ ಮುಂದಾಳುತನದಲ್ಲಿ ಮದರಾಸಿಗೆ ಬಂದು ಅಲ್ಲಿ ನಾಟಕ ಆಡಿದರು. ಅದನ್ನು ನೋಡಿ ಹುರುಪುಗೊಂಡ ಪಮ್ಮಲ್ ಸಂಬಂಧ ಮುದಲಿಯಾರರು ಅದೇ ವರ್ಷ ಸುಗುಣ ವಿಲಾಸ ಸಭೆ ಕಟ್ಟಿದರು. ಆಧುನಿಕ ತಮಿಳು ರಂಗಭೂಮಿಯ ಆರಂಭವನ್ನು ಆ ಸಭೆಯಿಂದ ಎಣಿಸುತ್ತಾರೆ. ಎಗ್ಮೋರಿನ ವಸ್ತುಸಂಗ್ರಹಾಲಯದ ಆವರಣದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಮ್ಯೂಸಿಯಂ ಥಿಯೇಟರ್ ಇದೆ. ಆ ಥಿಯೇಟರಿನ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರೇ ಮುಂದೆ ಮೈಸೂರಿನ ಅಂಬಾವಿಲಾಸ ಅರಮನೆಗೆ ನಕ್ಷೆ ಬರೆದವರು.

ಇನ್ನೊಂದು ಸಂಗತಿ. ಕಲಾಕ್ಷೇತ್ರದ ನೃತ್ಯನಾಟಕಗಳು ಉಳಿದಿರುವುದು ಪುಸ್ತಕದಲ್ಲಲ್ಲ, ಮೈಯಲ್ಲಿ. ಇಂದು ರಾಮನ ಪಾತ್ರ ಮಾಡುವ ಹುಡುಗನಿಗೆ ಹೆಜ್ಜೆ ಹೇಳಿಕೊಟ್ಟವರು ಹಿಂದೆ ತಾವೇ ರಂಗದ ಮೇಲಿದ್ದವರು, ಅವರಿಗೆ ಕಲಿಸಿದವರು ರುಕ್ಮಿಣೀ ದೇವಿಯವರ ಕೈಕೆಳಗೆ ಪಳಗಿದವರು. ಶಿಕ್ಷಕರೂ ವಿದ್ಯಾರ್ಥಿಗಳೂ ಒಂದೇ ರಂಗದಲ್ಲಿ ನಿಲ್ಲುತ್ತಾರೆ. 1986ರ ಫೆಬ್ರುವರಿಯಲ್ಲಿ ರುಕ್ಮಿಣೀ ದೇವಿ ತೀರಿಕೊಂಡರು. ಸಂಸತ್ತಿನ 1993ರ ಕಾಯ್ದೆಯ ಮೂಲಕ ಕಲಾಕ್ಷೇತ್ರ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಆದರೆ ಆರು ಸಂಜೆಗಳ ರಾಮಾಯಣವನ್ನು ನಿಜವಾಗಿ ಕಾಪಾಡುವುದು ಕಾಯ್ದೆಯಲ್ಲ. ಅದನ್ನು ಮತ್ತೆ ಮತ್ತೆ ಆಡುವವರು, ಬಂದು ಕುಳಿತು ನೋಡುವವರು.

ಬೆಂಗಳೂರಿನಿಂದ ಹೊರಡುವವರಿಗೆ ಚೆನ್ನೈ ಈಗ ಅರ್ಧ ದಿನದ ಪ್ರಯಾಣ. ತಿರುವಾನ್ಮಿಯೂರಿಗೆ ಬಸ್ಸೂ ಇದೆ, ನಗರ ರೈಲೂ ಇದೆ. ಕಲೋತ್ಸವ ನಡೆಯುವುದು ವರ್ಷದ ಕೊನೆಯಲ್ಲಿ. ರುಕ್ಮಿಣೀ ದೇವಿಯವರ ಸ್ಮರಣೆಯ ಉತ್ಸವ ಫೆಬ್ರುವರಿ ಕೊನೆಯ ದಿನಗಳಲ್ಲಿ. ಯಾವ ಸಂಜೆ ಯಾವ ನಾಟಕವೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಹೋಗುವ ಮುಂಚೆ ಆ ಕಾಂಡದ ಕಥೆಯನ್ನು ಕನ್ನಡದಲ್ಲಿ ಒಮ್ಮೆ ಓದಿಕೊಂಡರೆ ಸಂಸ್ಕೃತ ಬಾರದವರಿಗೂ ಏನೂ ತೊಡಕಾಗದು. ಮಕ್ಕಳನ್ನು ಕರೆದೊಯ್ಯಿರಿ, ರಾಮಾಯಣದ ಮುಂದೆ ಮಕ್ಕಳಿಗೆ ಬೇಸರವಾಗದು. ಫೋನನ್ನು ಮುಚ್ಚಿಟ್ಟು, ಒಮ್ಮೆಯಾದರೂ ಕಣ್ಣನ್ನು ನರ್ತಕರಿಂದ ಸರಿಸಿ, ಪಕ್ಕದಲ್ಲಿ ಕುಳಿತ ಹಾಡುಗಾರರ ಕಡೆ ಕಿವಿಗೊಡಿ.

ಕೇಳುಗರಲ್ಲಿ ಸಭೆಗಳನ್ನು ನಡೆಸುವವರೂ, ಉತ್ಸವಗಳ ಸಮಿತಿಯಲ್ಲಿ ಇರುವವರೂ ಇದ್ದೀರಿ. ನಿಮ್ಮಲ್ಲಿ ಒಂದು ಬಿನ್ನಹ. ವಾಸುದೇವಾಚಾರ್ಯರ ಬಿಡಿ ಕೃತಿಗಳು ನಮ್ಮ ರಾಮೋತ್ಸವದ ಚಪ್ಪರಗಳಲ್ಲಿ ಪ್ರತಿ ವರ್ಷ ಕೇಳಿಸುತ್ತವೆ. ಅವರು ಸಂಗೀತ ಕೊಟ್ಟ ನಾಲ್ಕು ನಾಟಕಗಳನ್ನೂ, ಮೊಮ್ಮಗ ಮುಗಿಸಿದ ಎರಡನ್ನೂ ಒಟ್ಟಿಗೆ, ಆರು ಸಂಜೆಗಳ ಸಾಲಾಗಿ, ಮೈಸೂರಿನಲ್ಲಿ ಆಡಿಸಬೇಕು. ಅಡ್ಯಾರಿನ ತಂಡವನ್ನು ಕರೆಸಿ, ನಮ್ಮ ಹಳೆಯ ರಂಗಮಂದಿರವೊಂದನ್ನು ಅದಕ್ಕೆ ಸಜ್ಜುಗೊಳಿಸಿ, ಆಚಾರ್ಯರು ಬಿಟ್ಟು ಹೋದ ಊರಿಗೆ ಅವರ ಕೊನೆಯ ಕೆಲಸವನ್ನು ತಂದು ತೋರಿಸಿ.